ಆಂಟೆನಾ ಬಿಚ್ಚಿದ್ರ ಬಂದ್ ಆಗಲ್ರೀ

ಹೋದ ವರ್ಷ ಮೇ ತಿಂಗಳು, ಮಂಗಳವಾರ. ಬೆಳಿಗ್ಗೆ 10:52ಕ್ಕೆ ಫೋನ್ ಬಂತು. ಆಳಂದ ಕಡೆಯ ಒಂದು ಊರಿನ ವಾಟರ್‌ಮನ್ ಕಾಕಾ.

"ಸರ, ನಿಮ್ಮ ಡಬ್ಬಿಗಿ ಹುಚ್ಚು ಹಿಡದದ. ಮೋಟಾರ್ ಚಾಲೂ, ಬಂದ್. ಚಾಲೂ, ಬಂದ್. ಒಂದು ಕೊಡ ನೀರೂ ಟಾಕಿಗಿ ಹತ್ತಿಲ್ಲ."

ನಾನು ಸ್ಕ್ರೀನ್ ನೋಡಿದೆ. ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು. ಅವರ ಊರಿನ ಡಬ್ಬಿಯೂ ಹಸಿರೇ.

"ಇಲ್ಲಿ ಎಲ್ಲಾ ಬರೋಬರ್ ಅದಲ್ಲ ಕಾಕಾ. ವೋಲ್ಟೇಜ್ ನೋಡ್ರಿ ಜರಾ" ಅಂದು ಫೋನ್ ಇಟ್ಟೆ. ಇಟ್ಟು ಚಾ ಕುಡಿಯಲು ಕೆಳಗೆ ಹೋದೆ.

ಆ ಚಾ ನೆನಪಾದರೆ ಈಗಲೂ ಕಿವಿ ಬಿಸಿ ಆಗುತ್ತದೆ.

ನಮ್ಮದು ಕಲಬುರಗಿಯಲ್ಲಿ ಸಣ್ಣ ಆಫೀಸು. ಝೆರಾಕ್ಸ್ ಅಂಗಡಿ ಮೇಲಿನ ಎರಡನೇ ಮಹಡಿ, ಮೂರು ಜನ, ಒಂದು ಕೂಲರ್. ಆಳಂದ, ಅಫಜಲಪುರ, ಜೇವರ್ಗಿ, ಚಿತ್ತಾಪುರ ಕಡೆಯ ಊರುಗಳ ಕುಡಿಯುವ ನೀರಿನ ಪಂಪ್‌ಹೌಸ್‌ಗಳಲ್ಲಿ ಸಿಮ್ ಹಾಕಿದ ಕಂಟ್ರೋಲರ್‌ಗಳಿವೆ. ನಾವು ಅದಕ್ಕೆ ಡಬ್ಬಿ ಅನ್ನುತ್ತೇವೆ. ಮೋಟಾರ್ ಯಾವಾಗ ಚಾಲೂ, ಯಾವಾಗ ಬಂದ್, ಎಷ್ಟು ಆಂಪಿಯರ್ ಎಳೆಯಿತು, ಟಾಕಿ ತುಂಬಿತಾ, ಎಲ್ಲಾ ಅದು ನಮ್ಮ ಬ್ರೋಕರ್‌ಗೆ, ಅಂದರೆ ಮೆಸೇಜ್ ಹಂಚುವ ಸರ್ವರ್‌ಗೆ, ಹೇಳುತ್ತದೆ. ಒಟ್ಟು 186 ಡಬ್ಬಿ. ಅಂದರೆ, 186 ಅಂತ ಆಗ ನಾನು ತಿಳಿದುಕೊಂಡಿದ್ದೆ.

ಕಥೆ ಶುರುವಾಗಿದ್ದು ಏಪ್ರಿಲ್‌ನಲ್ಲಿ. ಭೀಮಾ ದಂಡೆಯ ಒಂದು ದೊಡ್ಡ ಪಂಪ್‌ಹೌಸ್‌ನಲ್ಲಿ ಕ್ಯಾಮೆರಾ ಇದೆ, ಅದರ ವಿಡಿಯೋ ಕೂಡಿಡುವ ಡಿವಿಆರ್ ಇದೆ, ಫೈಬರ್ ಇಂಟರ್ನೆಟ್ ಇದೆ. ಕಾಂಟ್ರಾಕ್ಟರ್ ಸಾಹೇಬರಿಗೆ ಮೊಬೈಲ್‌ನಲ್ಲಿ ಕ್ಯಾಮೆರಾ ಕಾಣಬೇಕು ಅಂತ ಯಾರೋ ರೂಟರ್‌ನಲ್ಲಿ ಪೋರ್ಟ್ (ಹೊರಗಿನಿಂದ ಒಳಬರುವ ಬಾಗಿಲು) ತೆರೆದಿಟ್ಟಿದ್ದರು. ಡಿವಿಆರ್ ಪಾಸ್‌ವರ್ಡ್ ಫ್ಯಾಕ್ಟರಿಯಿಂದ ಬಂದದ್ದೇ. ಒಂದಿನ ಇಂಟರ್ನೆಟ್ ತೆವಳುತ್ತಿದೆ ಅಂತ ದೂರು ಬಂತು. ಹೋಗಿ ನೋಡಿದರೆ ಡಿವಿಆರ್ ಹೊರಗಿನ ಸಾವಿರಾರು ಅಡ್ರೆಸ್‌ಗಳ ಪೋರ್ಟ್ 23, ಅಂದರೆ ದೂರದಿಂದ ಲಾಗಿನ್ ಆಗುವ ಬಾಗಿಲು, ಬಡಿಯುತ್ತ ಕೂತಿತ್ತು.

ಇದು ಮಿರಾಯ್ ಎಂಬ ಮಾಲ್‌ವೇರ್ ಮನೆತನದ ಲಕ್ಷಣ. 2016ರಲ್ಲಿ ಬಂದ ಮಿರಾಯ್ ಹತ್ತಿರ ದೊಡ್ಡ ಬುದ್ಧಿವಂತಿಕೆ ಏನೂ ಇರಲಿಲ್ಲ. ಅರವತ್ತು ಚಿಲ್ಲರೆ ಫ್ಯಾಕ್ಟರಿ ಯೂಸರ್‌ನೇಮ್, ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿ, ಅಷ್ಟೇ. ಆ ಪಟ್ಟಿ ಹಿಡಿದುಕೊಂಡು ಕ್ಯಾಮೆರಾ, ಡಿವಿಆರ್, ರೂಟರ್‌ಗಳ ಸೈನ್ಯ ಕಟ್ಟಿತು. ಅದೇ ವರ್ಷ ಅಕ್ಟೋಬರ್ 21ರಂದು ಡೈನ್ ಎಂಬ, ವೆಬ್‌ಸೈಟ್ ಹೆಸರಿಗೆ ಅಡ್ರೆಸ್ ಹುಡುಕಿಕೊಡುವ (ಡಿಎನ್‌ಎಸ್) ಕಂಪನಿ ಮೇಲೆ ಬಿದ್ದು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಎಲ್ಲಾ ಕೆಲವು ತಾಸು ತಡವರಿಸಿದವು. ಅದರ ಕೋಡನ್ನು ಬರೆದವರೇ ಊರಿಗೆಲ್ಲ ಹಂಚಿದ್ದರಿಂದ ಮರಿ, ಮೊಮ್ಮಗ ಇನ್ನೂ ಹುಟ್ಟುತ್ತಲೇ ಇವೆ. ಮಿರಾಯ್ ಡಿಸ್ಕ್‌ನಲ್ಲಿ ಕೂರುವುದಿಲ್ಲ, ರ‍್ಯಾಮ್‌ನಲ್ಲಿ ಇರುತ್ತದೆ. ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ ಹೋಗುತ್ತದೆ. ಪಾಸ್‌ವರ್ಡ್ ಬದಲಿಸದಿದ್ದರೆ ವಾಪಸ್ ಬರುತ್ತದೆ. ನಮ್ಮದೂ ಹಾಗೇ ಆಯಿತು. ಆಫ್ ಮಾಡಿದೆ, ಆನ್ ಮಾಡಿದೆ, ಕಪ್ಪಿನಲ್ಲಿದ್ದ ಚಾ ಆರುವ ಮೊದಲೇ ಮತ್ತೆ ಬಾಗಿಲು ಬಡಿಯಲು ಶುರು. ಆಮೇಲೆ ಪಾಸ್‌ವರ್ಡ್ ಬದಲಿಸಿ, ಪೋರ್ಟ್ ಮುಚ್ಚಿ ಬಂದೆ. ಆವತ್ತಿನಿಂದ ನನ್ನ ತಲೆಯಲ್ಲಿ ಎರಡು ಶಬ್ದ ಒಟ್ಟಿಗೆ ಅಂಟಿಕೊಂಡವು: ಪಾಸ್‌ವರ್ಡ್ ಬದಲಿಸು, ರೀಬೂಟ್ ಹೊಡಿ.

ಹೈದರಾಬಾದ್‌ನ ಹೆಡ್ ಆಫೀಸಿಗೆ ಇದರಿಂದ ಎಚ್ಚರ ಆಯಿತು. ಡಬ್ಬಿಗಳ ಕಥೆ ಏನು ಅಂತ ಕೇಳಿದರು. ಎಲ್ಲಾ ಡಬ್ಬಿಗೂ ಒಂದೇ ಯೂಸರ್‌ನೇಮ್, ಒಂದೇ ಪಾಸ್‌ವರ್ಡ್, ಮಾತುಕತೆ ಎಲ್ಲಾ ಪೋರ್ಟ್ 1883ರಲ್ಲಿ ಬಿಚ್ಚುಮುಖದಲ್ಲಿ, ಗೂಢಲಿಪಿ ಇಲ್ಲದೆ. ನಾನು ಇದನ್ನು ಎರಡು ವರ್ಷದಿಂದ ಮೇಲ್‌ನಲ್ಲಿ ಬರೆಯುತ್ತಿದ್ದೆ. ಯಾರೂ ಓದಿರಲಿಲ್ಲ. ಈಗ ಓದಿದರು, ಓದಿ "ಎಐ ಹಚ್ಚಿ ಮಾಡಿ, ಕ್ಲೈಂಟ್ ಮೀಟಿಂಗ್‌ನಲ್ಲಿ ತೋರಿಸಬೇಕು" ಅಂದರು. ಒಂದು ಎಐ ಸಬ್‌ಸ್ಕ್ರಿಪ್ಷನ್ ಕೊಂಡರು. ಒಂದೇ. ಮೂರು ಜನಕ್ಕೂ ಒಂದೇ ಲಾಗಿನ್. ಸೆಕ್ಯೂರಿಟಿ ಕೆಲಸ ಶುರುವಾಗಿದ್ದೇ ಒಂದು ಪಾಸ್‌ವರ್ಡನ್ನು ಮೂರು ಜನ ಹಂಚಿಕೊಳ್ಳುವುದರಿಂದ.

ಸುಳ್ಳು ಹೇಳಬಾರದು, ಎಐ ನಮಗೆ ಉಪಯೋಗಕ್ಕೆ ಬಂತು. ಡಬ್ಬಿಯ ಮ್ಯಾನ್ಯುಯಲ್ ಅರ್ಧ ಚೀನೀ ಭಾಷೆಯಲ್ಲಿದೆ. ಅದನ್ನು ಓದಿ ಹೇಳಿತು. ಯಂತ್ರಗಳು ಮಾತಾಡುವ ಮಾಡ್‌ಬಸ್ ಭಾಷೆಯ ಹೆಕ್ಸ್ ಸಾಲುಗಳನ್ನು ಹಾಕಿದರೆ ಯಾವ ರಿಜಿಸ್ಟರ್‌ನಲ್ಲಿ ಏನಿದೆ ಅಂತ ಬಿಡಿಸಿಕೊಟ್ಟಿತು. ಮೊದಲು ಆ ಕೆಲಸಕ್ಕೆ ನನಗೆ ಒಂದು ಮಧ್ಯಾಹ್ನ ಹೋಗುತ್ತಿತ್ತು. ದಿನಾ ಬೆಳಿಗ್ಗೆ 8ಕ್ಕೆ ಲಾಗ್ ಎಲ್ಲಾ ನುಂಗಿ ಒಂದು ಪುಟದ ವರದಿ ಕೊಡುವ ಹಾಗೆ ಮಾಡಿದೆವು. ವಾಟರ್‌ಮನ್‌ಗಳಿಗೆ ಹೋಗುವ ಎಸ್‌ಎಂಎಸ್‌ಗಳನ್ನೂ ಅದರಿಂದಲೇ ಕನ್ನಡದಲ್ಲಿ ಬರೆಸಿದೆವು. "ಪಂಪ್‌ಗೃಹದ ಸಾಧನವು ಪುನರಾರಂಭಗೊಳ್ಳುತ್ತಿದೆ, ದಯವಿಟ್ಟು ತಾಳ್ಮೆಯಿಂದ ನಿರೀಕ್ಷಿಸಿ." ಅಫಜಲಪುರದ ಒಬ್ಬರು ಫೋನ್ ಹಚ್ಚಿ "ಇದು ಯಾವ ಭಾಷಾ ರೀ ಸರ?" ಅಂತ ಕೇಳಿದ್ದರು. ನಕ್ಕು ಸುಮ್ಮನಾದೆವು. ಬದಲಿಸಬೇಕಿತ್ತು.

ಈಗ ಆ ಮಂಗಳವಾರ. ಮಧ್ಯಾಹ್ನ 12ರೊಳಗೆ ಎಲ್ಲಾ ಡಬ್ಬಿಗಳಿಗೂ ಬೇರೆ ಬೇರೆ ಪಾಸ್‌ವರ್ಡ್ ಹೋಗಿರಬೇಕು, ಎಲ್ಲಾ ಟಿಎಲ್‌ಎಸ್ ಗೂಢಲಿಪಿಯ ಮೇಲೆ ಪೋರ್ಟ್ 8883ಕ್ಕೆ ಬಂದಿರಬೇಕು, ಸ್ಕ್ರೀನ್‌ಶಾಟ್ ಬೇಕು ಅಂತ ಮ್ಯಾನೇಜರ್ ಸಾಹೇಬರ ಮೆಸೇಜು. ಮೇ ತಿಂಗಳು, 42 ಡಿಗ್ರಿ, ಹಗಲು ಹೊತ್ತು, ಥ್ರೀ ಫೇಸ್ ಇರುವ ಸಮಯ, ಊರಿಗೆ ನೀರು ಬಿಡುವ ಸಮಯ. ರಾತ್ರಿ ಮಾಡೋಣ ಅಂತ ನಾನು ಹೇಳಬೇಕಿತ್ತು. ಹೇಳಲಿಲ್ಲ. ರಾತ್ರಿ ನನ್ನ ಅಳಿಯನ ಬರ್ತ್‌ಡೇ ಇತ್ತು, ಅದೂ ಒಂದು ಕಾರಣ.

ಡಬ್ಬಿಗಳ ಪಟ್ಟಿಯನ್ನು, ಇದ್ದ ಪಾಸ್‌ವರ್ಡ್ ಸಮೇತ, ಎಐಗೆ ಹಾಕಿದೆ. ಬಳಕೆಯಲ್ಲಿರುವ ಡಬ್ಬಿಗಳನ್ನು ಮಾತ್ರ ಆರಿಸು, ಒಂದೊಂದಕ್ಕೂ ಹೊಸ ಪಾಸ್‌ವರ್ಡ್ ಮಾಡು, ಕಮಾಂಡ್ ಕಳಿಸು, ಆಮೇಲೆ ರೀಬೂಟ್ ಕಳಿಸು, ಇದಕ್ಕೊಂದು ಪೈಥಾನ್ ಸ್ಕ್ರಿಪ್ಟ್ ಬರಿ ಅಂದೆ. ಕೊನೆಗೆ ಇನ್ನೊಂದು ಸಾಲು ಸೇರಿಸಿದೆ. ಚಾಟ್ ಇನ್ನೂ ಇದೆ, ಆಗಾಗ ತೆಗೆದು ನೋಡುತ್ತೇನೆ: "ಒಂದೂ ಡಬ್ಬಿ ತಪ್ಪಿಸಿಕೊಳ್ಳಬಾರದು. ಈಗ ಆಫ್‌ಲೈನ್ ಇದ್ದರೂ, ಯಾವಾಗ ಬಂದರೂ ಬಂದ ಕೂಡಲೇ ಕಮಾಂಡ್ ಸಿಗಲೇಬೇಕು."

ಅದು ಹಾಗೇ ಬರೆಯಿತು. ಪಬ್ಲಿಶ್ ಮಾಡುವ ಸಾಲಿನಲ್ಲಿ ರಿಟೇನ್ ಅನ್ನುವುದನ್ನು ಟ್ರೂ ಮಾಡಿತು. ಪಕ್ಕದಲ್ಲೇ ಟಿಪ್ಪಣಿ: ಆಫ್‌ಲೈನ್ ಇರುವ ಸಾಧನಗಳಿಗೂ ತಲುಪಲಿ ಎಂದು. ಅದನ್ನು ಓದಿ ನಾನು "ಭಾರೀ ಶಾಣ್ಯಾ ಅದ" ಅಂದುಕೊಂಡೆ. ಜೋರಾಗಿಯೇ ಅಂದೆ, ಪಕ್ಕದ ಟೇಬಲ್‌ನವಳಿಗೆ ಕೇಳಿಸಿತು. ಆ ಹುಡುಗಿ ಅದನ್ನು ಇನ್ನೂ ಮರೆತಿಲ್ಲ.

ಡಬ್ಬಿಗಳು ಬ್ರೋಕರ್ ಜೊತೆ ಮಾತಾಡುವ ಎಂಕ್ಯೂಟಿಟಿ ಪದ್ಧತಿ ಗೊತ್ತಿದ್ದವರು ಇಲ್ಲೇ ತಲೆ ಚಚ್ಚಿಕೊಂಡಿರುತ್ತಾರೆ. ಗೊತ್ತಿಲ್ಲದವರಿಗೆ: ರಿಟೇನ್ ಅಂದರೆ ಬ್ರೋಕರ್ ಆ ಟಾಪಿಕ್‌ನ (ಮೆಸೇಜ್ ಹಾಕುವ ವಿಳಾಸದ) ಕೊನೆಯ ಮೆಸೇಜನ್ನು ಗೋಡೆಗೆ ಅಂಟಿಸಿಟ್ಟ ಹಾಗೆ ಇಟ್ಟುಕೊಳ್ಳುತ್ತದೆ. ಯಾರು ಹೊಸದಾಗಿ ಬಂದು ಆ ಟಾಪಿಕ್‌ಗೆ ಸಬ್‌ಸ್ಕ್ರೈಬ್ ಆದರೂ ಮೊದಲು ಅದನ್ನೇ ಕೈಗೆ ಕೊಡುತ್ತದೆ. ಟಾಕಿಯ ಮಟ್ಟ ಎಷ್ಟಿದೆ ಅನ್ನುವಂಥ ಸುದ್ದಿಗೆ ಇದು ಬಹಳ ಒಳ್ಳೆಯದು. ಆದರೆ ನನ್ನ ಕೊನೆಯ ಮೆಸೇಜು ಯಾವುದು? ರೀಬೂಟ್. ಡಬ್ಬಿ ರೀಬೂಟ್ ಆಗುತ್ತದೆ, ಎದ್ದು ಬರುತ್ತದೆ, ಬ್ರೋಕರ್‌ಗೆ ಸೇರುತ್ತದೆ, ಬ್ರೋಕರ್ ಗೋಡೆ ತೋರಿಸುತ್ತದೆ: ರೀಬೂಟ್. ಮತ್ತೆ ಸಾಯುತ್ತದೆ. ಮತ್ತೆ ಏಳುತ್ತದೆ.

ಆಫ್‌ಲೈನ್ ಇದ್ದ ಡಬ್ಬಿಗೆ ಗೋಡೆಗೆ ಅಂಟಿಸದೆ ತಲುಪಿಸಲು ಬೇರೆ ದಾರಿ ಇದೆ. ಕ್ಯೂಒಎಸ್ 1 ಅನ್ನುವ ತಲುಪಿಸುವ ಮಟ್ಟ ಹಾಕಿ, ಡಬ್ಬಿಯ ಸೆಷನ್ (ಬ್ರೋಕರ್ ಇಟ್ಟುಕೊಳ್ಳುವ ಅದರ ನೆನಪು) ಉಳಿಯುವ ಹಾಗೆ ಇಟ್ಟರೆ ಬ್ರೋಕರ್ ಸಾಲಲ್ಲಿ ಇಟ್ಟುಕೊಂಡು ಕೊಡುತ್ತದೆ, ಸಿಕ್ಕಿತು ಅಂತ ಡಬ್ಬಿ ಹೇಳಿದ ಮೇಲೆ ಮರೆಯುತ್ತದೆ. ಆದರೆ ನಮ್ಮ ಡಬ್ಬಿಗಳು ಪ್ರತಿ ಸಲ ಹೊಸ ಸೆಷನ್ನೇ ತೆಗೆಯುತ್ತವೆ. ಅದು ಎಐಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ.

ಟೆಸ್ಟ್ ಮಾಡಲಿಲ್ಲವಾ ಅಂತ ಕೇಳಬಹುದು. ಮಾಡಿದೆ. ಟೇಬಲ್ ಮೇಲೆ ಒಂದು ಡಬ್ಬಿ ಇರುತ್ತದೆ. ಅದಕ್ಕೆ ಕಳಿಸಿದೆ. ರೀಬೂಟ್ ಆಯಿತು, ಎದ್ದಿತು, 8883ಕ್ಕೆ ಬಂತು, ಡ್ಯಾಶ್‌ಬೋರ್ಡ್‌ನಲ್ಲಿ ಹಸಿರಾಯಿತು. ಮುಗೀತು ಅಂದುಕೊಂಡು ಅದರ ಅಡಾಪ್ಟರ್ ಕಿತ್ತು ಮೊಬೈಲ್ ಚಾರ್ಜಿಗೆ ಹಾಕಿದೆ. ಇನ್ನೂ ಹತ್ತು ಸೆಕೆಂಡ್ ಬಿಟ್ಟಿದ್ದರೆ ಕಣ್ಣೆದುರೇ ಸಾಯುತ್ತಿತ್ತು.

10:44ಕ್ಕೆ ಎಂಟರ್ ಒತ್ತಿದೆ. 10:46ಕ್ಕೆ "ಯಶಸ್ವಿ: 186" ಅಂತ ಬಂತು. ಸ್ಕ್ರೀನ್‌ಶಾಟ್ ತೆಗೆದು ಕಳಿಸಿದೆ. ಮ್ಯಾನೇಜರ್ ಸಾಹೇಬರಿಂದ ಹೆಬ್ಬೆರಳು ಬಂತು.

ಚಾ ಕುಡಿದು ಮೇಲೆ ಬರುವಷ್ಟರಲ್ಲಿ ಒಂಬತ್ತು ಮಿಸ್ಡ್ ಕಾಲ್. ಆಫೀಸಿನ ಮೂರೂ ಫೋನ್ ಒಟ್ಟಿಗೆ ಹೊಡೆದುಕೊಳ್ಳುತ್ತಿದ್ದವು. ಜೇವರ್ಗಿ, ಚಿತ್ತಾಪುರ, ಎಲ್ಲಾ ಕಡೆ ಅದೇ ಮಾತು. ಚಾಲೂ, ಬಂದ್. ಡ್ಯಾಶ್‌ಬೋರ್ಡ್ ಮಾತ್ರ ಗದ್ದೆಯ ಹಾಗೆ ಹಸಿರು. ಯಾಕೆಂದರೆ ಕಳೆದ 5 ನಿಮಿಷದಲ್ಲಿ ಒಮ್ಮೆ ಮುಖ ತೋರಿಸಿದ ಡಬ್ಬಿಯನ್ನು ಅದು ಹಸಿರು ಅನ್ನುತ್ತದೆ. ನಮ್ಮ ಡಬ್ಬಿಗಳು ಐದು ನಿಮಿಷದಲ್ಲಿ ನಾಲ್ಕು ಸಲ ಸತ್ತು ನಾಲ್ಕು ಸಲ ಮುಖ ತೋರಿಸುತ್ತಿದ್ದವು. ಅಷ್ಟು ಹಾಜರಾತಿ ಯಾವತ್ತೂ ಇರಲಿಲ್ಲ.

ಒಂದು ಡಬ್ಬಿ ಎದ್ದ ಕೂಡಲೇ ಒಳಗಿನ ವೇಳಾಪಟ್ಟಿ ನೋಡಿ ಮೋಟಾರ್ ಚಾಲೂ ಮಾಡುತ್ತದೆ. ಮೋಡೆಮ್ ಟವರ್ ಹಿಡಿಯಲು ಸುಮಾರು ಒಂದು ನಿಮಿಷ. ಅಷ್ಟರಲ್ಲಿ ರೀಬೂಟ್, ರಿಲೇ ಬಿಡುತ್ತದೆ, ಮೋಟಾರ್ ಬಂದ್. ಪೈಪಿನಲ್ಲಿ ಏರಿದ ನೀರು ಇಳಿಯುವ ಮೊದಲೇ ಮತ್ತೆ ಚಾಲೂ. ಪ್ರತಿ ಸಲ ಸ್ಟಾರ್ಟ್ ಆಗುವಾಗ ಮೋಟಾರ್ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಅದಕ್ಕೇ ತಾಸಿಗೆ ಎಷ್ಟು ಸಲ ಸ್ಟಾರ್ಟ್ ಮಾಡಬಹುದು ಅಂತ ಸಬ್‌ಮರ್ಸಿಬಲ್ ಮೋಟಾರಿನ ಪುಸ್ತಕದಲ್ಲೇ ಮಿತಿ ಹಾಕಿರುತ್ತಾರೆ. ನಮ್ಮದು ಒಂದೂಕಾಲು ನಿಮಿಷಕ್ಕೆ ಒಂದು ಸಲ ನಡೆದಿತ್ತು.

ನನ್ನ ತಲೆಗೆ ಮೊದಲು ಬಂದದ್ದು ಹ್ಯಾಕ್. ಏಪ್ರಿಲ್‌ನ ಡಿವಿಆರ್ ಇನ್ನೂ ಕಣ್ಣಲ್ಲೇ ಇತ್ತು. ಒಂದೇ ಪಾಸ್‌ವರ್ಡ್ ಎಲ್ಲಾ ಕಡೆ, ಯಾರೋ ಹಿಡಿದಿದ್ದಾರೆ, ನಾವು ಬದಲಿಸುವುದು ಗೊತ್ತಾಗಿ ಸೇಡು ತೀರಿಸುತ್ತಿದ್ದಾರೆ. ಹೀಗೆಲ್ಲಾ ಯೋಚಿಸಿದೆ. ಮನುಷ್ಯನಿಗೆ ತನ್ನ ತಪ್ಪಿಗಿಂತ ವೈರಿಯ ಕೈವಾಡ ಬೇಗ ಹೊಳೆಯುತ್ತದೆ ನೋಡಿ. ಮ್ಯಾನೇಜರ್‌ಗೆ ಫೋನ್ ಮಾಡಿದೆ. ಅವರು ಮೊದಲು ಕೇಳಿದ್ದು "ಸ್ಕ್ರೀನ್‌ಶಾಟ್ ಕ್ಲೈಂಟ್‌ಗೆ ಹೋಗಿದೆಯಾ?" ಅಂತ. ಆಮೇಲೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ನೆನಪಾಯಿತು. 2022ರ ಏಪ್ರಿಲ್ 28ರ ಆದೇಶದ ಪ್ರಕಾರ ಇಂಥ ಸೈಬರ್ ಘಟನೆ ಗೊತ್ತಾದ 6 ತಾಸಿನೊಳಗೆ ವರದಿ ಮಾಡಬೇಕು, 180 ದಿನದ ಲಾಗ್ ಇಟ್ಟಿರಬೇಕು. ನಮ್ಮ ಹತ್ತಿರ 30 ದಿನದ್ದಿತ್ತು. ಸಾಹೇಬರ ಧ್ವನಿ ಸಣ್ಣದಾಯಿತು. "ಹ್ಯಾಕ್ ಅಂತ ಎಲ್ಲೂ ಬರೀಬೇಡಪ್ಪಾ ಇನ್ನೂ" ಅಂದರು.

11:02. ಎಐ ಮುಂದೆ ಕೂತೆ. "ಎಲ್ಲಾ ಡಬ್ಬಿಗಳು ಪದೇ ಪದೇ ಆಫ್‌ಲೈನ್ ಆಗುತ್ತಿವೆ, ಕಾರಣ ಏನು?" ಅಂತ ಕೇಳಿದೆ. ಹೊಸ ಚಾಟ್. ಸ್ಕ್ರಿಪ್ಟ್ ಬಗ್ಗೆ ಒಂದು ಮಾತು ಹೇಳಲಿಲ್ಲ. ಮುಚ್ಚಿಡಬೇಕು ಅಂತಲ್ಲ. ಸ್ಕ್ರಿಪ್ಟ್ 10:46ಕ್ಕೇ ಮುಗಿದಿತ್ತಲ್ಲ, ಯಶಸ್ವಿ ಅಂತಲೂ ಬಂದಿತ್ತಲ್ಲ. ಮುಗಿದದ್ದು ಈಗ ಹೇಗೆ ಕಾಟ ಕೊಡುತ್ತದೆ? ಎಐ ಉದ್ದನೆಯ ಪಟ್ಟಿ ಕೊಟ್ಟಿತು. ಸಿಗ್ನಲ್ ನೋಡಿ, ವೋಲ್ಟೇಜ್ ಕುಸಿತ ನೋಡಿ, ಸಿಮ್ ಡೇಟಾ ನೋಡಿ, ಕೀಪ್-ಅಲೈವ್ ಹೆಚ್ಚಿಸಿ. ಒಂದೊಂದನ್ನೂ ಶ್ರದ್ಧೆಯಿಂದ ಮಾಡಿದೆ. ಸಿಮ್ ಪೋರ್ಟಲ್ ತೆರೆಯಲಿಕ್ಕೇ ಆರು ನಿಮಿಷ ಬೇಕಾಯಿತು, ಓಟಿಪಿ ಮ್ಯಾನೇಜರ್ ಫೋನಿಗೆ ಹೋಗುತ್ತದೆ, ಅವರ ಫೋನ್ ಎಂಗೇಜು.

ಕೊನೆಗೆ ಬ್ರೋಕರ್ ಅನ್ನೇ ರೀಸ್ಟಾರ್ಟ್ ಮಾಡಿದೆ. ಹೊಸದಾಗಿ ಎದ್ದರೆ ಸರಿಹೋಗಬಹುದು ಅಂತ. ನಮ್ಮ ಬ್ರೋಕರ್ ಸಾಫ್ಟ್‌ವೇರ್ ಮಸ್ಕಿಟೋ, ರಿಟೇನ್ ಆದದ್ದನ್ನು ಡಿಸ್ಕ್‌ಗೆ ಬರೆದಿಟ್ಟುಕೊಳ್ಳುವ ಹಾಗೆ ನಾನೇ ಒಂದು ವರ್ಷದ ಹಿಂದೆ ಸೆಟ್ ಮಾಡಿದ್ದೆ. ಎದ್ದಿತು, ಗೋಡೆ ಹಾಗೇ ಇತ್ತು. ಇಷ್ಟು ಹೊತ್ತು ಒಂದೊಂದಾಗಿ ಸಾಯುತ್ತಿದ್ದ ಡಬ್ಬಿಗಳು ಈಗ ಎಲ್ಲಾ ಒಟ್ಟಿಗೆ ಬಂದು ಒಟ್ಟಿಗೆ ಸತ್ತವು. ಪಕ್ಕದ ಟೇಬಲ್‌ನವಳು ಗ್ರಾಫ್ ನೋಡಿ "ಹೃದಯ ಬಡಿದಂಗ ಕಾಣಲತ್ತದ ರೀ ಸರ" ಅಂದಳು. ನನ್ನದು ಅದಕ್ಕಿಂತ ಜೋರಾಗಿ ಬಡಿಯುತ್ತಿತ್ತು. ಕೂಲರ್ ಎದುರು ಕೂತರೂ ಅಂಗಿ ಬೆನ್ನಿಗೆ ಅಂಟಿತ್ತು.

ಈ ಹೊತ್ತಿನಲ್ಲಿ ಯಾರಿಗೂ ಹೊಳೆಯದ, ನನಗಂತೂ ಹೊಳೆಯದ ಒಂದು ಕೆಲಸ ಇತ್ತು. ಪ್ರತಿ ಪ್ಯಾನಲ್ ಮೇಲೂ ಆಟೋ, ಮ್ಯಾನ್ಯುಯಲ್ ಅಂತ ಒಂದು ಸ್ವಿಚ್ ಇದೆ. ಮ್ಯಾನ್ಯುಯಲ್‌ಗೆ ತಿರುಗಿಸಿದರೆ ಡಬ್ಬಿ ಎಷ್ಟು ಕುಣಿದರೂ ಮೋಟಾರ್‌ಗೆ ಸಂಬಂಧ ಇಲ್ಲ. ಮೊದಲ ಫೋನ್ ಬಂದಾಗಲೇ "ಕಾಕಾ, ಮ್ಯಾನ್ಯುಯಲ್‌ಗಿ ಹಾಕ್ರಿ" ಅಂದಿದ್ದರೆ, ಅದನ್ನೇ ಗ್ರೂಪ್‌ನಲ್ಲಿ ಹಾಕಿದ್ದರೆ, ಮುಂದಿನದೆಲ್ಲ ಆಫೀಸಿನೊಳಗಿನ ತಲೆನೋವು ಆಗಿ ಉಳಿಯುತ್ತಿತ್ತು. ಕಾರಣ ಹುಡುಕುವುದರಲ್ಲಿ ಎಷ್ಟು ಮುಳುಗಿದ್ದೆ ಅಂದರೆ, ಮೋಟಾರ್ ಉಳಿಸಬೇಕು ಅನ್ನುವುದೇ ಮರೆತುಹೋಗಿತ್ತು. ಹೆಚ್ಚಿನ ವಾಟರ್‌ಮನ್‌ಗಳು ನಮ್ಮನ್ನು ಕೇಳದೆ ತಾವೇ ತಿರುಗಿಸಿದ್ದರು. ಪುಣ್ಯ.

11:24ಕ್ಕೆ ಆಳಂದದ ಕಾಕಾ ಮತ್ತೆ ಫೋನ್ ಹಚ್ಚಿದರು. ತೆಗೆಯಬಾರದು ಅನ್ನಿಸಿತು. ತೆಗೆದೆ.

"ಸರ, ವೋಲ್ಟೇಜ್ ಬರೋಬರ್ ಅದ. ನಾ ಡಬ್ಬಿ ಮುಂದೇ ಕುಂತೀನಿ. ಒಂದು ಮಾತು ಹೇಳ್ಲೇನು?"

"ಹೇಳ್ರಿ ಕಾಕಾ."

"ಇದು ಸುಮ್ಮ ಸುಮ್ಮ ಬಂದ್ ಆಗಲ್ರೀ. ಮೊದಲ ಕೆಂಪು ಲೈಟ್ ಬರ್ತದ, ಆಮ್ಯಾಲ ಹಸರು ಬರ್ತದ. ಹಸರು ಬಂದ ಮ್ಯಾಲ ಐದು ಎಣಿಸೂದ್ರಾಗ ಬಂದ್. ಒಂಬತ್ತು ಸಲ ನೋಡೀನಿ. ಹಸರು ಬರೂದ್ಕಿಂತ ಮೊದಲ ಒಮ್ಮಿನೂ ಬಂದ್ ಆಗಿಲ್ಲ."

ಹಸಿರು ಅಂದರೆ ನಮ್ಮ ಬ್ರೋಕರ್‌ಗೆ ಸೇರಿದೆ ಅಂತ.

"ಅದಕ್ಕ ನಾ ಏನು ಮಾಡ್ದೆ, ಆ ಮ್ಯಾಲಿಂದು ಕಡ್ಡಿ ತಿರುವಿ ಬಿಚ್ಚಿ ಇಟ್ಟೆ. ಆಂಟೆನಾ. ಆಂಟೆನಾ ಬಿಚ್ಚಿದ್ರ ಬಂದ್ ಆಗಲ್ರೀ. ಈಗ ಕಾಲು ತಾಸು ಆತು, ಮೋಟಾರ್ ನಡದೇ ಅದ. ನೀರು ಹತ್ತಲತ್ತಾವ."

ನಾನು ಎರಡು ಸೆಕೆಂಡ್ ಮಾತಾಡಲಿಲ್ಲ. ಆಂಟೆನಾ ಬಿಚ್ಚಬೇಕು ಅಂತ ಹೇಗೆ ಹೊಳೆಯಿತು ಅಂತ ಕೇಳಿದೆ.

"ಅಂಥಾದೇನಿಲ್ಲ ಸರ. ನನಗೂ ಫೋನ್ ಬಂದ್ರ ಕೆಲಸ ಬಿಟ್ಟು ಓಡಬೇಕಾಗ್ತದ. ಇದಕ್ಕೂ ಯಾರೋ ಫೋನ್ ಹಚ್ಚಲತ್ತಾರೇನೋ ಅನಿಸ್ತು."

ಫೋನ್ ಹಚ್ಚುತ್ತಿದ್ದವನು ನಾನು.

ಬ್ರೋಕರ್‌ಗೆ ನನ್ನ ಲ್ಯಾಪ್‌ಟಾಪ್‌ನಿಂದಲೇ ಸಬ್‌ಸ್ಕ್ರೈಬ್ ಆದೆ, ಎಲ್ಲಾ ಕಮಾಂಡ್ ಟಾಪಿಕ್‌ಗಳಿಗೂ. ಕಣ್ಣು ಮಿಟುಕಿಸುವುದರೊಳಗೆ ಸಾಲು ಸಾಲಾಗಿ ಇಳಿಯಿತು. ರೀಬೂಟ್, ರೀಬೂಟ್, ರೀಬೂಟ್. 186 ಸಾಲು. ಹೊಟ್ಟೆಯೊಳಗೆ ತಣ್ಣಗೆ ಏನೋ ಇಳಿದ ಹಾಗಾಯಿತು. ಹ್ಯಾಕರ್ ಸಿಕ್ಕಿದ್ದ.

ರಿಟೇನ್ ಅಳಿಸಲು ಅದೇ ಟಾಪಿಕ್‌ಗೆ ಖಾಲಿ ಮೆಸೇಜನ್ನು ರಿಟೇನ್ ಹಾಕಿಯೇ ಕಳಿಸಬೇಕು. ಒಂದೇ ಸಾಲು. ಈ ಸಲ ಎಐ ಕೇಳಲಿಲ್ಲ, ಕೈಯಾರೆ ಹೊಡೆದೆ. ಮೂರು ಸಲ ಟಾಪಿಕ್ ಹೆಸರು ತಪ್ಪಿತು. ಕಾಕಾನ ಡಬ್ಬಿಗೆ ಮಾತ್ರ ಕಳಿಸಿ, "ಈಗ ಆಂಟೆನಾ ಹಾಕ್ರಿ" ಅಂದೆ.

"ಹಾಕ್ತೀನಿ. ಹಾಕಿದೆ. ಕೆಂಪು ಅದ… ಕೆಂಪೇ ಅದ…" ಹಿಂದೆ ಮೋಟಾರಿನ ಸದ್ದು, ಯಾವುದೋ ಆಡಿನ ಮರಿ ಕೂಗು. ಸಿಗ್ನಲ್ ಹಿಡಿಯುವ ಆ ಒಂದು ನಿಮಿಷ ನಾವಿಬ್ಬರೂ ಮಾತಾಡಲಿಲ್ಲ. "ಹಸರು ಬಂತು ಸರ. ಒಂದು. ಎರಡು. ಮೂರು. ನಾಕು. ಐದು." ನಿಂತರು. "ಆರು. ಏಳು." ಇಪ್ಪತ್ತರ ತನಕ ಎಣಿಸಿದರು. ಇಪ್ಪತ್ತಾದ ಮೇಲೂ ಎಣಿಸುತ್ತಿದ್ದರು, ಸಾಕು ಕಾಕಾ ಅಂದೆ.

11:41ಕ್ಕೆ ಎಲ್ಲವನ್ನೂ ಅಳಿಸಿ ಮುಗಿಸಿದೆ.

ಎರಡು ಕಡೆ ಮೋಟಾರಿಗೆ ಕರೆಂಟ್ ಕೊಡುವ ಕಾಂಟ್ಯಾಕ್ಟರ್ ಸ್ವಿಚ್ ಸುಟ್ಟಿತ್ತು. ಅಫಜಲಪುರ ಕಡೆಯ ಒಂದು ಊರಿನಲ್ಲಿ ವಾಟರ್‌ಮನ್ ಮದುವೆಗೆ ಹೋಗಿದ್ದರು, ಪಂಪ್‌ಹೌಸ್‌ಗೆ ಬೀಗ. ಸ್ವಿಚ್ ತಿರುಗಿಸಲು ಯಾರೂ ಇರಲಿಲ್ಲ. ಮೋಟಾರ್ ವೈಂಡಿಂಗ್ ಹೋಯಿತು. ಬೋರ್‌ನಿಂದ ಎತ್ತಿ, ಕಲಬುರಗಿಗೆ ತಂದು, ವೈಂಡಿಂಗ್ ಮಾಡಿಸಿ, ಇಳಿಸುವ ತನಕ ಮೂರು ದಿನ ಟ್ಯಾಂಕರ್. ಎತ್ತುವ ದಿನ ನಾನೂ ಹೋಗಿದ್ದೆ, ಯಾರೂ ಹೇಳಿರಲಿಲ್ಲ, ಆದರೂ. ತೊಗರಿ ಹೊಲಗಳೆಲ್ಲ ಬೋಳು, ಕರಿ ಮಣ್ಣು ಬಾಯಿ ಬಿಟ್ಟಿತ್ತು. ಟ್ಯಾಂಕರ್ ಮುಂದೆ ಕೊಡಗಳ ಸಾಲು ಗುಡಿಯ ತನಕ ಇತ್ತು. ಒಬ್ಬ ಅಜ್ಜಿ ನನ್ನ ಕೈಯಲ್ಲಿದ್ದ ಲ್ಯಾಪ್‌ಟಾಪ್ ಬ್ಯಾಗ್ ನೋಡಿ "ಮೋಟಾರ್ ರಿಪೇರಿಗಿ ಬಂದೀಯೇನೋ ಯಪ್ಪಾ?" ಅಂದಳು. ಹೌದು ಅಂದೆ. ಒಂದು ತಂಬಿಗೆ ನೀರು ತಂದುಕೊಟ್ಟಳು. ಅದೇ ಟ್ಯಾಂಕರ್ ನೀರು. ಕುಡಿಯಲೂ ಆಗಲಿಲ್ಲ, ಬೇಡ ಅನ್ನಲೂ ಆಗಲಿಲ್ಲ.

ಇನ್ನು ಎಸ್‌ಎಂಎಸ್. ಪ್ರತಿ ರೀಬೂಟ್‌ಗೂ ಒಂದು ಹೋಗುತ್ತದೆ ಅನ್ನುವುದು ಯಾರಿಗೂ ನೆನಪಿರಲಿಲ್ಲ. ಒಬ್ಬೊಬ್ಬ ವಾಟರ್‌ಮನ್‌ಗೂ ಆ ಬೆಳಿಗ್ಗೆ ನಲವತ್ತರ ಹತ್ತಿರ "ದಯವಿಟ್ಟು ತಾಳ್ಮೆಯಿಂದ ನಿರೀಕ್ಷಿಸಿ" ಹೋಗಿತ್ತು. ಈಗಲೂ ಜೇವರ್ಗಿ ಕಡೆ ಹೋದರೆ ಒಬ್ಬರು ನನಗೆ ನಮಸ್ಕಾರ ಅನ್ನುವುದಿಲ್ಲ, "ನಿರೀಕ್ಷಿಸಿ ಸರ" ಅನ್ನುತ್ತಾರೆ.

ಕ್ಲೈಂಟ್‌ಗೆ ಹೋದ ಮೇಲ್‌ನಲ್ಲಿ "ತಾತ್ಕಾಲಿಕ ನೆಟ್‌ವರ್ಕ್ ಏರುಪೇರು" ಅಂತಿತ್ತು. ನಾನು ಬರೆದದ್ದಲ್ಲ. ಮರುದಿನ ಬೆಳಿಗ್ಗೆ 8ಕ್ಕೆ ಬಂದ ಎಐ ವರದಿ ಇನ್ನೂ ಮಜಾ. ಎಲ್ಲಾ 186 ಸಾಧನಗಳು ಸಕ್ರಿಯ, ಸಂಪರ್ಕದ ಪ್ರಮಾಣ ಗಮನಾರ್ಹವಾಗಿ ಹೆಚ್ಚಿದೆ, ಇದು ಉತ್ತಮ ಬೆಳವಣಿಗೆ. ಮ್ಯಾನೇಜರ್ ಸಾಹೇಬರು ಆ ಸಾಲನ್ನು ಪ್ರೆಸೆಂಟೇಶನ್‌ಗೆ ಹಾಕಿಕೊಂಡರು. ನಾನು ಬೇಡ ಅಂದೆ. "ಅಂಕಿ ಸುಳ್ಳಲ್ಲವಲ್ಲ" ಅಂದರು.

ಸಿಟ್ಟಿನಲ್ಲಿ ಎಐಯನ್ನೇ ಕೇಳಿದೆ, ರೀಬೂಟ್‌ಗೆ ರಿಟೇನ್ ಯಾಕೆ ಹಾಕಿದೆ ಅಂತ. ಕೂಡಲೇ ಕ್ಷಮೆ ಕೇಳಿತು. ಲೂಪ್ ಹೇಗೆ ಆಗುತ್ತದೆ, ಯಾಕೆ ಹಾಕಬಾರದು ಅಂತ ಚೊಕ್ಕವಾಗಿ ನಾಲ್ಕು ಪ್ಯಾರಾ ಬರೆಯಿತು. ಪರೀಕ್ಷೆ ಮುಗಿದು ಹೊರಗೆ ಬಂದ ಮೇಲೆ ಸರಿ ಉತ್ತರ ಹೇಳುವ ಗೆಳೆಯರಿರುತ್ತಾರಲ್ಲ, ಹಾಗೆ. ಆದರೆ ಮೇಲಕ್ಕೆ ಹೋಗಿ ಹಳೇ ಉತ್ತರ ಪೂರ್ತಿ ಓದಿದಾಗ ಇನ್ನೊಂದು ಸಿಕ್ಕಿತು. ಕೋಡಿನ ಕೆಳಗೆ ಅದು ಬರೆದಿತ್ತು: ಮೊದಲು 3ರಿಂದ 5 ಸಾಧನಗಳ ಮೇಲೆ ಓಡಿಸಿ, 15 ನಿಮಿಷ ಗಮನಿಸಿ. ನಾನು ಕೋಡ್ ಕಾಪಿ ಬಟನ್ ಒತ್ತಿದವನು ಕೆಳಗೆ ಇಳಿದೇ ಇರಲಿಲ್ಲ.

ಈಗ ನಮ್ಮಲ್ಲಿ ಎಐ ಓದುತ್ತದೆ, ಬರೆದುಕೊಡುತ್ತದೆ. ಬ್ರೋಕರ್‌ಗೆ ಕಮಾಂಡ್ ಕಳಿಸುವುದು ಮನುಷ್ಯರೇ, ಐದೈದು ಡಬ್ಬಿ, ರಾತ್ರಿ ಹೊತ್ತು, ನಡುವೆ ಕಾಲು ತಾಸು. ಏನೇ ಮಾಡುವ ಮೊದಲು ವಾಟರ್‌ಮನ್ ಗ್ರೂಪ್‌ನಲ್ಲಿ "ಮ್ಯಾನ್ಯುಯಲ್‌ಗಿ ಹಾಕ್ರಿ" ಅಂತ ವಾಯ್ಸ್ ಮೆಸೇಜ್. ಡ್ಯಾಶ್‌ಬೋರ್ಡ್‌ನಲ್ಲಿ ಡಬ್ಬಿ ಎದ್ದು ಎಷ್ಟು ಹೊತ್ತಾಯಿತು ಅನ್ನುವ ಒಂದು ಕಾಲಂ ಸೇರಿಸಿ ಅಂತ ಹೆಡ್ ಆಫೀಸಿಗೆ ಬರೆದಿದ್ದೇನೆ. ಮುಂದಿನ ವರ್ಷನ್‌ನಲ್ಲಿ ಬರುತ್ತದಂತೆ. ಎರಡು ವರ್ಷನ್ ಬಂದು ಹೋದವು.

ಪಾಸ್‌ವರ್ಡ್‌ಗಳನ್ನು ಮತ್ತೊಮ್ಮೆ ಬದಲಿಸಬೇಕಾಯಿತು. ಯಾಕೆಂದರೆ ಹೊಸ ಪಾಸ್‌ವರ್ಡ್‌ಗಳ ಪಟ್ಟಿ ಮೂರು ಜನ ಹಂಚಿಕೊಂಡ ಆ ಲಾಗಿನ್‌ನ ಚಾಟ್‌ನಲ್ಲಿ ಕೂತಿತ್ತು. ಈ ಸಲ ಎಐ ಮಾಡಿದ ಪಟ್ಟಿ ಬಿಟ್ಟು, ಬಿಲ್ಲಿಂಗ್ ಪಟ್ಟಿ ಹಿಡಿದು ಒಂದೊಂದಾಗಿ ಗೆರೆ ಹಾಕುತ್ತ ಹೋದೆ. ಕೊನೆಗೆ ಲೆಕ್ಕ ಕೂಡಲಿಲ್ಲ. ಬಿಲ್ಲಿನಲ್ಲಿ 187.

ಉಳಿದ ಒಂದು ಡಬ್ಬಿ ಚಿತ್ತಾಪುರ ಕಡೆಯದು. ಹಾಕುವಾಗ ನಮ್ಮ ಹಳೇ ಫೀಲ್ಡ್ ಹುಡುಗ ಅದರ ಹೆಸರಿನ ಜಾಗದಲ್ಲಿ "ಟೆಸ್ಟಿಂಗ್, ಪ್ಲೀಸ್ ಇಗ್ನೋರ್ ದಿಸ್" ಅಂತ ಬರೆದಿದ್ದ. ಆಮೇಲೆ ಅದು ಚಾಲೂ ಆಯಿತು, ಊರಿಗೆ ನೀರು ಬಂತು, ಹುಡುಗ ಪುಣೆಗೆ ಹೋದ, ಹೆಸರು ಹಾಗೇ ಉಳಿಯಿತು. ಎಐ ಆ ಹೆಸರನ್ನು ಓದಿದೆ, ಹೇಳಿದ ಮಾತು ಕೇಳಿದೆ. ದಿನದ ವರದಿಯಲ್ಲೂ ಅದನ್ನು ಬಿಟ್ಟಿದೆ, ನನ್ನ ಸ್ಕ್ರಿಪ್ಟ್‌ನ ಪಟ್ಟಿಯಲ್ಲೂ ಬಿಟ್ಟಿದೆ. ಓದಲು ಕೊಟ್ಟ ಅಕ್ಷರದಲ್ಲೇ ಅಪ್ಪಣೆ ಅಡಗಿಸಿ ಎಐಯನ್ನು ದಾರಿ ತಪ್ಪಿಸುವುದಕ್ಕೆ ಸೆಕ್ಯೂರಿಟಿಯವರು ಪ್ರಾಂಪ್ಟ್ ಇಂಜೆಕ್ಷನ್ ಅನ್ನುತ್ತಾರಲ್ಲ, ಅದರ ನಮ್ಮೂರ ಅವತಾರ. ಎಐಗೆ ಮಾಹಿತಿಯೂ ಅಕ್ಷರ, ಅಪ್ಪಣೆಯೂ ಅಕ್ಷರ. ನಮ್ಮ ಹುಡುಗ ಬೇಕೆಂದು ಮಾಡಿದ್ದಲ್ಲ. ಬೇಕೆಂದು ಮಾಡುವವನು ಡಬ್ಬಿಯ ಹೆಸರಿನಲ್ಲೋ ಲಾಗ್‌ನ ಒಂದು ಸಾಲಿನಲ್ಲೋ ಇದಕ್ಕಿಂತ ಕೆಟ್ಟದ್ದನ್ನು ಬರೆದಿಡಬಹುದು.

ದೂರದಿಂದ ಮಾಡುವ ಧೈರ್ಯ ಬರಲಿಲ್ಲ, ನಾನೇ ಹೋದೆ. ಶಹಾಬಾದ್ ಪರಸಿ ಹಾಸಿದ ಪುಟ್ಟ ಪಂಪ್‌ಹೌಸ್, ಹೊರಗೆ ಬೇವಿನ ಮರ. ಅಲ್ಲಿಯ ವಾಟರ್‌ಮನ್ ಡಬ್ಬಿಗೆ ಕುಂಕುಮ ಹಚ್ಚಿ ಇಟ್ಟಿದ್ದರು.

"ಆವತ್ತು ಸುತ್ತ ಊರಾಗೆಲ್ಲ ಮೋಟಾರ್ ಕುಣಿದ್ವಂತಲ್ಲ ಸರ. ನಮ್ದೊಂದೇ ತಣ್ಣಗ ನಡದಿತ್ತು ನೋಡ್ರಿ. ಭಾಳ ಚಲೋ ಡಬ್ಬಿ ಕೊಟ್ಟೀರಿ. ಇದಕ್ಕ ಏನೂ ಮಾಡಬ್ಯಾಡ್ರಿ, ಹಿಂಗೇ ಬಿಟ್ಟುಬಿಡ್ರಿ."

ಪರಸಿ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದೆ. ಎಲ್ಲಾ ಡಬ್ಬಿಗೂ ಮೊದಲಿದ್ದ ಆ ಹಳೇ ಪಾಸ್‌ವರ್ಡ್ ಹೊಡೆದೆ. ಒಂದೇ ಏಟಿಗೆ ಒಳಗೆ ಬಿಟ್ಟಿತು.